ಅಜೀರ್ಣವೂ ಮನೆಮದ್ದಿನ ಗಡುವೂ

ಹಬ್ಬದ ಮರುದಿನ ಬೆಳಗ್ಗೆ ನಮ್ಮ ಸೀಮೆಯ ಯಾವ ಮನೆಯನ್ನು ಹೊಕ್ಕು ನೋಡಿದರೂ ಅಡುಗೆಯ ಮನೆಯಲ್ಲಿ ಜೀರಿಗೆಯೋ ಓಮವೋ ಕುದಿಯುತ್ತಿರುವ ವಾಸನೆಯು ಮೂಗಿಗೆ ತಾಕದೆ ಇರುವುದು ವಿರಳ. ಹೋಳಿಗೆಯನ್ನು ಬಡಿಸಿದ ಕೈಯೇ ಮರುದಿನ ಕಷಾಯವನ್ನೂ ಕೊಡತಕ್ಕದ್ದೆಂಬುದು ನಮ್ಮ ಗೃಹಿಣಿಯರು ತಲೆತಲಾಂತರದಿಂದ ಒಪ್ಪಿಕೊಂಡು ಬಂದಿರುವ ಮನೆಯ ಧರ್ಮ. ಆದಕಾರಣ ಅಜೀರ್ಣಕ್ಕೆ ಮದ್ದು ಯಾವುದೆಂದು ಕನ್ನಡದ ಮನೆಗಳಿಗೆ ಹೊಸದಾಗಿ ಕಲಿಸಹೊರಡುವುದು ಅಧಿಕಪ್ರಸಂಗವೇ ಸರಿ. ಆದರೆ ಈ ಮದ್ದುಗಳಲ್ಲಿ ಯಾವುದು ಏನು ಕೆಲಸವನ್ನು ಮಾಡುತ್ತದೆ, ಯಾವುದು ಮಾಡಿದಂತೆ ತೋರಿ ಮೋಸಗೊಳಿಸುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಹೊತ್ತಿನವರೆಗೆ ಮನೆಯ ಮದ್ದನ್ನು ನಂಬಿ ಕುಳಿತಿರಬಹುದು ಎಂಬ ವಿಷಯವನ್ನು ವಿಚಾರಿಸುವವರು ಕಡಮೆ. ಮದ್ದಿನ ಹೆಸರನ್ನು ಬಲ್ಲವರು ಮನೆಗೊಬ್ಬರಿದ್ದಾರೆ. ಅದರ ಗಡುವನ್ನು ಬಲ್ಲವರು ಕೇರಿಗೊಬ್ಬರು ಸಿಕ್ಕುವುದೂ ಕಷ್ಟ. ಆ ಗಡುವನ್ನು ಅರಿಯದೆ ಪ್ರಾಣವನ್ನೇ ಕಳೆದುಕೊಂಡವರು ನಮ್ಮ ನಡುವೆ ಇರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯಬೇಕಾಯಿತು.

ಮೊದಲು ಹೊಟ್ಟೆಯೊಳಗಿನ ವ್ಯಾಪಾರವನ್ನು ಸ್ವಲ್ಪ ತಿಳಿಯೋಣ. ತಿಂದ ಅನ್ನವು ಜಠರದಲ್ಲಿ ಏನಾಗುತ್ತದೆಂಬುದನ್ನು ವೈದ್ಯರು ಬಹುಕಾಲ ಕಣ್ಣಾರೆ ನೋಡುವಂತಾದದ್ದು ಒಂದು ಅಪಘಾತದ ಫಲವಾಗಿ. ೧೮೨೨ನೆಯ ಇಸವಿ ಜೂನ್ ತಿಂಗಳಲ್ಲಿ ಉತ್ತರ ಅಮೆರಿಕದ ಮ್ಯಾಕಿನಾ ಎಂಬ ದ್ವೀಪದಲ್ಲಿ, ತುಪ್ಪುಳುಚರ್ಮದ ವ್ಯಾಪಾರಿಗಳಲ್ಲಿ ದುಡಿಯುತ್ತಿದ್ದ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಅಕಸ್ಮಾತ್ತಾಗಿ ಕೋವಿಯ ಏಟು ತಗುಲಿ ಜಠರವು ತೂತಾಯಿತು. ಸೈನ್ಯದ ವೈದ್ಯನಾಗಿದ್ದ ವಿಲಿಯಂ ಬೋಮಾಂಟ್ ಎಂಬವನು ಅವನನ್ನು ಬದುಕಿಸಿದನು. ಆದರೆ ತೂತು ಮಾತ್ರ ಮುಚ್ಚಲೇ ಇಲ್ಲ. ವೈದ್ಯನು ರೇಷ್ಮೆಯ ದಾರಕ್ಕೆ ಆಹಾರದ ತುಂಡುಗಳನ್ನು ಕಟ್ಟಿ ಆ ತೂತಿನೊಳಗೆ ಇಳಿಯಬಿಟ್ಟು, ಹೊತ್ತುಹೊತ್ತಿಗೆ ಎಳೆದು ನೋಡಿ, ಯಾವುದು ಎಷ್ಟು ಹೊತ್ತಿಗೆ ಕರಗಿತೆಂದು ಬರೆದಿಟ್ಟು, ೧೮೩೩ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಬೇಯಿಸಿದ ಅಕ್ಕಿಯ ಅನ್ನಕ್ಕೆ ಒಂದು ಗಂಟೆ. ಸುಟ್ಟ ಹಂದಿಯ ಮಾಂಸಕ್ಕೆ ಐದೂಕಾಲು ಗಂಟೆ. ರೋಗಿಯು ಸಿಟ್ಟಾದಾಗ ಪಚನದ ಕೆಲಸ ಕೆಡುವುದನ್ನೂ ಅವನು ಗಮನಿಸಿದನು. ಪಾಪ, ಆ ತರುಣನು ಸಿಟ್ಟಾಗಲು ಕಾರಣಗಳೇನೂ ಕಡಮೆಯಿರಲಿಲ್ಲ. ಹೊಟ್ಟೆಯಲ್ಲಿ ಕಿಟಕಿಯನ್ನಿಟ್ಟುಕೊಂಡೇ ಅವನು ೧೮೮೦ರವರೆಗೆ ಬಾಳಿದನು.

ಜಠರದಲ್ಲಿ ದಿನವೊಂದಕ್ಕೆ ಒಂದೂವರೆಯಿಂದ ಎರಡು ಲೀಟರಿನಷ್ಟು ಪಾಚಕರಸವು ಸ್ರವಿಸುತ್ತದೆ. ಇದರಲ್ಲಿರುವ ಆಮ್ಲವು ನಿಂಬೆಯ ರಸಕ್ಕಿಂತಲೂ ತೀಕ್ಷ್ಣವಾದುದು. ಜಠರದ ಒಳಗೋಡೆಗೆ ಲೋಳೆಯ ಲೇಪವಿರುವುದರಿಂದ ಅದು ತನ್ನ ರಸದಿಂದ ತಾನೇ ಸುಡುವುದಿಲ್ಲ; ಅನ್ನನಾಳಕ್ಕೆ ಅಂತಹ ಲೇಪವಿಲ್ಲ. ಆದುದರಿಂದ ರಸವು ಕೆಳಗಿರುವವರೆಗೆ ಕ್ಷೇಮ, ಮೇಲೆ ಹತ್ತಿದರೆ ಉರಿ. ನಾವು ಒಂದೇ "ಅಜೀರ್ಣ"ವೆಂದು ಕರೆಯುವ ಸಂಕಟದಲ್ಲಿ ಹೀಗೆ ಬೇರೆ ಬೇರೆ ಬಾಧೆಗಳು ಸೇರಿಕೊಂಡಿವೆ. ಅನ್ನವು ಜಠರದಿಂದ ಬೇಗನೆ ಕೆಳಗಿಳಿಯದೆ ಭಾರವಾಗುವುದು ಒಂದು. ಹುಳಿ ಮೇಲೇರಿ ಎದೆಯುರಿಯಾಗುವುದು ಇನ್ನೊಂದು. ಕರುಳಿನಲ್ಲಿ ವಾಯು ತುಂಬಿ ಉಬ್ಬರಿಸುವುದು ಮತ್ತೊಂದು. ಒಂದಕ್ಕೆ ಹಿತವಾದ ಮದ್ದು ಮತ್ತೊಂದಕ್ಕೆ ಅಹಿತವಾಗಬಹುದೆಂಬುದನ್ನು ಮರೆಯಲಾಗದು.

ನಮ್ಮ ಪೂರ್ವಿಕರಾದ ಆಯುರ್ವೇದ ಪಂಡಿತರು ಈ ಭೇದವನ್ನು ತಕ್ಕಮಟ್ಟಿಗೆ ಕಂಡುಕೊಂಡಿದ್ದರು. ಆಮಾಜೀರ್ಣ, ವಿದಗ್ಧಾಜೀರ್ಣ, ವಿಷ್ಟಬ್ಧಾಜೀರ್ಣ, ರಸಶೇಷಾಜೀರ್ಣ ಎಂದು ಅವರು ನಾಲ್ಕು ಬಗೆಗಳನ್ನು ಹೇಳಿದ್ದಾರೆ. ಮೈಭಾರವೂ ಓಕರಿಕೆಯೂ ಇರುವುದು ಮೊದಲನೆಯದು. ಹುಳಿತೇಗು, ಉರಿ, ಬಾಯಾರಿಕೆಗಳಿರುವುದು ಎರಡನೆಯದು. ಹೊಟ್ಟೆ ಬಿಗಿದು ವಾಯುವೂ ಮಲವೂ ಹೊರಡದೆ ನೋಯುವುದು ಮೂರನೆಯದು. ತೇಗು ಶುದ್ಧವಾಗಿದ್ದರೂ ಅನ್ನವನ್ನು ಕಂಡರೆ ಬೇಡವೆನಿಸುವುದು ನಾಲ್ಕನೆಯದು. ಇವುಗಳಿಗೆ ಕ್ರಮವಾಗಿ ಲಂಘನ, ವಮನ, ಸ್ವೇದನ, ನಿದ್ರೆ ಎಂದು ಚಿಕಿತ್ಸೆಯನ್ನು ವಿಧಿಸಿದ್ದಾರೆ. ಅಂದರೆ ಉಪವಾಸ, ವಾಂತಿ, ಶಾಖ, ವಿಶ್ರಾಂತಿ. ಈ ನಾಲ್ಕರಲ್ಲಿ ಒಂದಾದರೂ ಪುಡಿಯಲ್ಲ, ಗುಳಿಗೆಯಲ್ಲ, ಅಂಗಡಿಯಲ್ಲಿ ದೊರಕುವ ಪದಾರ್ಥವಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ವಾಂತಿಯನ್ನು ಬಲವಂತವಾಗಿ ಮಾಡಿಸುವುದನ್ನು ಈಗಿನ ವೈದ್ಯರು ಒಪ್ಪುವುದಿಲ್ಲ, ಅದನ್ನು ಬಿಡೋಣ. ಉಳಿದ ಮೂರು ಇಂದಿಗೂ ಸಲ್ಲುವ ಮಾತು. ಅತಿಯಾಗಿ ಉಂಡ ವಯಸ್ಕನಿಗೆ ಒಂದು ಹೊತ್ತು ಊಟ ತಪ್ಪಿಸಿ, ಬೆಚ್ಚಗಿನ ನೀರನ್ನು ಗುಟುಕು ಗುಟುಕಾಗಿ ಕೊಟ್ಟು, ಮರುಹೊತ್ತಿಗೆ ತೆಳುವಾದ ಗಂಜಿಯನ್ನು ಬಡಿಸಿದರೆ ಸಾಮಾನ್ಯವಾದ ಅಜೀರ್ಣವು ಬೇರೆ ಯಾವ ಮದ್ದೂ ಇಲ್ಲದೆ ಇಳಿಯುತ್ತದೆ. ಮಧುಮೇಹಕ್ಕೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರೂ, ಗರ್ಭಿಣಿಯರೂ, ಎಳೆಯ ಮಕ್ಕಳೂ ಮಾತ್ರ ಹೀಗೆ ಊಟ ತಪ್ಪಿಸಲಾಗದು.

ಇನ್ನು ಮಸಾಲೆಯ ಡಬ್ಬಿಯ ವಿಷಯ. ಜೀರಿಗೆಯೆಂಬ ಹೆಸರೇ ಜೀರ್ಣವೆಂಬ ಮಾತಿನ ನಂಟು. ಒಂದು ಚಮಚದಷ್ಟು ಜೀರಿಗೆಯನ್ನು ಎಣ್ಣೆಯಿಲ್ಲದೆ ಬೆಚ್ಚಗೆ ಹುರಿದು, ಎರಡು ಲೋಟ ನೀರಿನಲ್ಲಿ ಒಂದು ಲೋಟಕ್ಕೆ ಇಳಿಯುವಂತೆ ಕುದಿಸಿ, ಬಿಸಿಯಾರಿದ ಮೇಲೆ ಕುಡಿಯುವುದು ವಾಡಿಕೆ. ಓಮದಲ್ಲಿ ಥೈಮಾಲ್ ಎಂಬ ತೀಕ್ಷ್ಣವಾದ ಸತ್ವವಿದೆ. ಅದರ ಘಾಟಿಗೆ ಅದೇ ಕಾರಣ. ಇಂತಹ ಸುಗಂಧ ತೈಲಗಳು ಕರುಳಿನ ಗೋಡೆಯ ಸ್ನಾಯುಗಳ ಬಿಗಿತವನ್ನು ಸಡಿಲಿಸುವುದರಿಂದ ಸಿಕ್ಕಿಕೊಂಡಿದ್ದ ವಾಯುವು ಹೊರಟುಹೋಗಿ ಹಾಯೆನಿಸುತ್ತದೆ. ಆದರೆ ಸಡಿಲಿಸುವ ಗುಣಕ್ಕೆ ಇನ್ನೊಂದು ಮುಖವುಂಟು. ಅನ್ನನಾಳದ ತುದಿಯಲ್ಲಿ ಹುಳಿಯನ್ನು ಮೇಲೇರಗೊಡದೆ ತಡೆದಿರುವ ಸ್ನಾಯುವಿನ ಕಟ್ಟು ಸಡಿಲವಾದರೆ ಎದೆಯುರಿ ಹೆಚ್ಚುತ್ತದೆ. ಪುದೀನದ ಎಣ್ಣೆಯ ವಿಷಯದಲ್ಲಿ ಇದು ಚೆನ್ನಾಗಿ ತಿಳಿದ ಸಂಗತಿ: ಕರುಳಿನ ಹಿಂಡುನೋವಿಗೆ ಅದು ಹಿತ, ಎದೆಯುರಿಗೆ ಅಹಿತ. ಆದಕಾರಣ ಉಬ್ಬರಕ್ಕೆ ಒಳ್ಳೆಯದೆಂದು ಕೇಳಿದ ಮದ್ದನ್ನು ಉರಿಗೂ ಕೊಡುವ ಮೊದಲು ಸ್ವಲ್ಪ ಯೋಚಿಸತಕ್ಕದ್ದು.

ಶುಂಠಿಯ ಸ್ಥಾನ ಇವೆಲ್ಲಕ್ಕಿಂತ ಮೇಲಿನದು. ಓಕರಿಕೆಯನ್ನು ತಡೆಯುವುದರಲ್ಲಿಯೂ, ಜಠರವು ತನ್ನ ಹೊರೆಯನ್ನು ಬೇಗ ಕೆಳಗಿಳಿಸುವಂತೆ ಮಾಡುವುದರಲ್ಲಿಯೂ ಅದರ ಗುಣವನ್ನು ಈಗಿನ ಪರೀಕ್ಷೆಗಳೂ ಎತ್ತಿಹಿಡಿದಿವೆ. ಊಟಕ್ಕೆ ಮೊದಲು ಹಸಿಶುಂಠಿಯ ಚೂರಿಗೆ ಉಪ್ಪು ಸವರಿ ಅಗಿಯುತ್ತಿದ್ದ ಹಿರಿಯರು ಶಾಸ್ತ್ರವನ್ನು ಓದಿದವರಲ್ಲದಿದ್ದರೂ ಅನುಭವದಿಂದ ಸರಿಯಾದುದನ್ನೇ ಮಾಡುತ್ತಿದ್ದರು.

ಇಂಗಿನ ಕಥೆ ಸ್ವಾರಸ್ಯವಾದುದು. ಇಷ್ಟು ಕಾಲದಿಂದ ನಮ್ಮ ಸಾರಿಗೂ ಗೊಜ್ಜಿಗೂ ಬೀಳುತ್ತಿರುವ ಇಂಗು ನಮ್ಮ ನಾಡಿನ ಬೆಳೆಯಲ್ಲ. ಇರಾನ್, ಆಫ್ಘಾನಿಸ್ಥಾನಗಳ ಒಣಬೆಟ್ಟಗಳಲ್ಲಿ ಬೆಳೆಯುವ ಗಿಡದ ದಪ್ಪ ಬೇರನ್ನು ಕೊಯ್ದು ಬಿಟ್ಟಾಗ ಒಸರುವ ಹಾಲು ಒಣಗಿ ಆದ ಅಂಟು. ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ೨೦೨೦ರ ಅಕ್ಟೋಬರಿನಲ್ಲಿ ಪಾಲಂಪುರದ ವಿಜ್ಞಾನ ಸಂಸ್ಥೆಯವರು ಮೊದಲ ಸಸಿಗಳನ್ನು ನೆಡಿಸಿದರು. ಅಂಗಡಿಯಲ್ಲಿ ನಾವು ಕೊಳ್ಳುವ ಇಂಗಿನ ಪುಡಿಯಲ್ಲಿ ಹೆಚ್ಚಿನ ಭಾಗ ಹಿಟ್ಟೂ ಗೋಂದೂ ಆಗಿರುವುದರಿಂದ, ಗೋಧಿ ಒಗ್ಗದವರು ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳುವುದು ಲೇಸು. ಇಂಗು, ಸೈಂಧವ ಲವಣ, ಜೀರಿಗೆ, ಕರಿಜೀರಿಗೆ, ಅಜಮೋದ, ಶುಂಠಿ, ಮೆಣಸು, ಹಿಪ್ಪಲಿ ಇವೆಂಟೂ ಸೇರಿದರೆ ಹಿಂಗ್ವಷ್ಟಕ ಚೂರ್ಣ. ಅದನ್ನು ತುಪ್ಪದೊಡನೆ ಊಟದ ಮೊದಲ ತುತ್ತಿಗೆ ಕಲಸಿ ಉಣ್ಣಬೇಕೆಂಬುದು ವಿಧಿ. ಊಟವಾದ ಮೇಲೆ ಹೊಟ್ಟೆಯನ್ನು ಹಿಡಿದುಕೊಂಡು ನುಂಗುವುದಕ್ಕಲ್ಲ.

ಇಂಗು ನಿಜವಾಗಿ ಬೇಕಾಗುವುದು ಅವರೆಯ ಕಾಲದಲ್ಲಿ. ಮಾರ್ಗಶಿರ ಪುಷ್ಯಗಳಲ್ಲಿ ಮೈಸೂರು ಸೀಮೆಯ ಮನೆಗಳಲ್ಲಿ ಅವರೆಯಿಲ್ಲದ ಅಡುಗೆಯುಂಟೇ? ಅವರೆ, ಹುರುಳಿ, ಕಡಲೆಗಳಲ್ಲಿ ಒಂದು ಬಗೆಯ ಸಕ್ಕರೆಗಳಿವೆ. ಅವುಗಳನ್ನು ಒಡೆಯುವ ಪಾಚಕವು ಮನುಷ್ಯನ ಕರುಳಿನಲ್ಲಿ ಇಲ್ಲ. ಅವು ಹಾಗೆಯೇ ದೊಡ್ಡ ಕರುಳಿಗೆ ಇಳಿದು, ಅಲ್ಲಿ ವಾಸವಾಗಿರುವ ಕೋಟ್ಯಂತರ ಸೂಕ್ಷ್ಮಾಣುಗಳಿಗೆ ಆಹಾರವಾಗುತ್ತವೆ. ಅವು ಉಂಡು ಬಿಟ್ಟದ್ದೇ ನಮ್ಮ ವಾಯು. ಒಣಕಾಳನ್ನು ಇಡೀ ರಾತ್ರಿ ನೆನೆಯಿಟ್ಟು ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿದರೆ ಈ ಸಕ್ಕರೆಗಳಲ್ಲಿ ಒಂದು ಭಾಗ ನೀರಿನೊಡನೆ ಹೋಗುತ್ತದೆ. ನೆನೆದ ನೀರಿನಲ್ಲಿ ಸತ್ವವಿದೆಯೆಂದು ಅದನ್ನೇ ಸಾರಿಗೆ ಹೊಯ್ಯುವವರು ಸತ್ವದೊಡನೆ ವಾಯುವನ್ನೂ ಬಡಿಸುತ್ತಾರೆ.

ಮಲೆನಾಡಿನವರಿಗೆ ತಂಬುಳಿಯನ್ನು ಹೇಳಿಕೊಡಬೇಕಾದುದಿಲ್ಲ; ಬಯಲುಸೀಮೆಯವರಿಗಾಗಿ ಬರೆಯುತ್ತೇನೆ. ದೊಡ್ಡಪತ್ರೆಯ ಏಳೆಂಟು ಎಲೆಗಳನ್ನು ಜೀರಿಗೆ, ನಾಲ್ಕು ಕಾಳು ಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ಸ್ವಲ್ಪ ತೆಂಗಿನ ತುರಿಯೊಡನೆ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕಲಸಿ ಉಪ್ಪು ಬೆರೆಸಿದರೆ ತಂಬುಳಿಯಾಯಿತು. ಕುದಿಸಲಾಗದು. ಇದರಲ್ಲಿ ಎಲೆಯಷ್ಟೇ ಕೆಲಸವನ್ನು ಮಜ್ಜಿಗೆಯೂ ಮಾಡುತ್ತದೆ. ದೊಡ್ಡವರಾದ ಮೇಲೆ ನಮ್ಮವರಲ್ಲಿ ಅನೇಕರಿಗೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಕುಗ್ಗುತ್ತದೆ. ಹಾಲು ಹೆಪ್ಪುಗಟ್ಟುವಾಗ ಆ ಸಕ್ಕರೆಯಲ್ಲಿ ಒಂದು ಪಾಲನ್ನು ಹೆಪ್ಪಿನ ಸೂಕ್ಷ್ಮಾಣುಗಳೇ ತಿಂದಿರುತ್ತವೆ. ಹಾಲು ಕುಡಿದರೆ ಉಬ್ಬರವಾಗುವವರಿಗೂ ಮಜ್ಜಿಗೆ ಒಗ್ಗುವುದು ಹೀಗೆ. ಕರಾವಳಿಯ ಪುನರ್ಪುಳಿಯ ಸಾರು ನಾಲಗೆಗೆ ಎಷ್ಟು ರುಚಿಯಾದರೂ ಹುಳಿಯೇ ಸರಿ. ಎದೆಯುರಿಯುಳ್ಳವರು ಅದನ್ನು ಮದ್ದೆಂದು ಲೋಟಗಟ್ಟಲೆ ಕುಡಿಯುವುದು ಬೇಡ.

ಅಡುಗೆಯ ಸೋಡವನ್ನು ನೀರಿನಲ್ಲಿ ಕದಡಿ ಕುಡಿಯುವವರಿಗೆ ಒಡನೆಯೇ ದೊಡ್ಡ ತೇಗು ಬಂದು ಸುಖವೆನಿಸುತ್ತದೆ. ಆ ತೇಗಿನಲ್ಲಿ ಬಂದ ವಾಯುವು ಮೊದಲೇ ಹೊಟ್ಟೆಯಲ್ಲಿದ್ದುದಲ್ಲ. ಸೋಡವು ಆಮ್ಲದೊಡನೆ ಕೂಡಿದಾಗ ಹುಟ್ಟಿದ್ದು. ಅಂಗಡಿಯ ನೊರೆಯುಕ್ಕುವ ಪುಡಿಗಳ ಗುಟ್ಟೂ ಇದೇ. ಎಂದಾದರೊಮ್ಮೆ ಕುಡಿದರೆ ಹಾನಿಯಿಲ್ಲ. ಆದರೆ ಅದರಲ್ಲಿ ಸೋಡಿಯಮ್ಮು ತುಂಬಿರುವುದರಿಂದ ರಕ್ತದ ಒತ್ತಡ, ಮೂತ್ರಪಿಂಡದ ರೋಗ, ಹೃದ್ರೋಗಗಳುಳ್ಳವರಿಗೆ ವರ್ಜ್ಯ. ಹಾಗೆಯೇ, ಹೊಟ್ಟೆಹುಣ್ಣಿಗೆ ಹಾಲು ಒಳ್ಳೆಯದೆಂಬ ನಂಬಿಕೆಯೊಂದುಂಟು. ೧೯೧೫ರಲ್ಲಿ ಷಿಕಾಗೋ ನಗರದ ಬರ್ಟ್ರಂ ಸಿಪ್ಪಿ ಎಂಬ ವೈದ್ಯನು ಗಂಟೆಗಂಟೆಗೂ ಹಾಲು ಕೆನೆಗಳನ್ನು ಕುಡಿಸುವ ಪಥ್ಯವನ್ನು ಬಳಕೆಗೆ ತಂದನು. ದಶಕಗಳ ಕಾಲ ಲೋಕವೆಲ್ಲ ಅದನ್ನೇ ಅನುಸರಿಸಿತು. ಹಾಲು ಕ್ಷಣಕಾಲ ಉರಿಯನ್ನು ತಣಿಸಿ, ಆಮೇಲೆ ಜಠರದಿಂದ ಇನ್ನಷ್ಟು ಆಮ್ಲವನ್ನು ಹೊರಡಿಸುತ್ತದೆಂದು ಅನಂತರ ತಿಳಿಯಿತು.

ಹುಣ್ಣಿನ ವಿಷಯ ಬಂದುದರಿಂದ ಹೇಳಬೇಕಾದ ಮುಖ್ಯವಾದ ಮಾತೊಂದಿದೆ. ಖಾರ ತಿಂದುದರಿಂದಲೂ ಚಿಂತೆಯಿಂದಲೂ ಜಠರದಲ್ಲಿ ಹುಣ್ಣಾಗುತ್ತದೆಂದು ವೈದ್ಯರೇ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರಿಬ್ಬರು ರೋಗಿಗಳ ಜಠರದಲ್ಲಿ ಸುರುಳಿಯಾಕಾರದ ಸೂಕ್ಷ್ಮಾಣುವನ್ನು ಕಂಡು, ೧೯೮೨ರಲ್ಲಿ ಅದನ್ನು ಬೆಳೆಯಿಸಿದರು. ಇಷ್ಟು ತೀಕ್ಷ್ಣವಾದ ಆಮ್ಲದಲ್ಲಿ ಜೀವಿಯೊಂದು ಬದುಕೀತೇ ಎಂದು ಪಂಡಿತರು ನಕ್ಕರು. ಮಾರ್ಷಲರು ೧೯೮೪ರಲ್ಲಿ ಆ ಸೂಕ್ಷ್ಮಾಣುಗಳನ್ನು ತಾವೇ ಕುಡಿದರು. ಕೆಲವು ದಿನಗಳಲ್ಲಿ ಓಕರಿಕೆ ವಾಂತಿಗಳಾಗಿ, ಜಠರದ ಒಳಪೊರೆ ಉರಿಯೂತಗೊಂಡಿದ್ದು ಪರೀಕ್ಷೆಯಲ್ಲಿ ಕಂಡಿತು. ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಈ ಸೂಕ್ಷ್ಮಾಣುವು ನಮ್ಮ ದೇಶದಲ್ಲಿ ಬಹಳ ಮಂದಿಯ ಹೊಟ್ಟೆಯಲ್ಲಿದೆ, ಎಲ್ಲರಿಗೂ ಹುಣ್ಣಾಗುವುದಿಲ್ಲ. ಆದವರಿಗೆ ಅದು ಉಸಿರಿನ ಪರೀಕ್ಷೆಯಿಂದಲೋ ಮಲದ ಪರೀಕ್ಷೆಯಿಂದಲೋ ಎಂಡೊಸ್ಕೋಪಿಯಿಂದಲೋ ತಿಳಿದುಬಂದು, ಸುಮಾರು ಹದಿನಾಲ್ಕು ದಿವಸ ತಪ್ಪದೆ ಔಷಧಿಗಳನ್ನು ಸೇವಿಸಿದರೆ ಬಹುಮಟ್ಟಿಗೆ ನಾಶವಾಗುತ್ತದೆ. ಹತ್ತು ವರ್ಷ ಜೀರಿಗೆಯ ನೀರನ್ನು ಕುಡಿದು ಹೋಗದ ನೋವು ಎರಡು ವಾರದಲ್ಲಿ ಹೋಗುವುದೆಂದರೆ ಅದು ಸಣ್ಣ ಮಾತೇ? ಹುಣ್ಣಿಗೆ ಮತ್ತೊಂದು ದೊಡ್ಡ ಕಾರಣ ಮೊಣಕಾಲಿನ ನೋವಿಗೂ ಸೊಂಟದ ನೋವಿಗೂ ಕೇಳಿದಾಗಲೆಲ್ಲ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳು. ಮನೆಯ ಹಿರಿಯರ ದಿಂಬಿನಡಿಯಲ್ಲಿ ಏನಿದೆಯೆಂದು ಒಮ್ಮೆ ನೋಡುವುದು ಒಳ್ಳೆಯದು.

ಇತ್ತೀಚೆಗೆ "ಗ್ಯಾಸಿನ ಮಾತ್ರೆ"ಯೆಂದು ಬೆಳಗ್ಗೆ ಕಾಫಿಗಿಂತ ಮೊದಲು ಒಂದನ್ನು ನುಂಗುವುದು ಅನೇಕ ಮನೆಗಳಲ್ಲಿ ನಿತ್ಯವಿಧಿಯಂತಾಗಿದೆ. ಅದು ಗ್ಯಾಸಿನದಲ್ಲ, ಆಮ್ಲವನ್ನು ತಡೆಯುವ ಮಾತ್ರೆ. ವೈದ್ಯರು ಹೇಳಿದಷ್ಟು ದಿನ ಅದು ಬಹಳ ಉಪಕಾರಿ. ಹೇಳುವವರಿಲ್ಲದೆ ವರ್ಷಗಟ್ಟಲೆ ನುಂಗಿದರೆ ಬಿ ಹನ್ನೆರಡು ಎಂಬ ಜೀವಸತ್ವವೂ ಮೆಗ್ನೀಸಿಯಮ್ಮೂ ಶರೀರದಲ್ಲಿ ಕಡಮೆಯಾಗಬಹುದು. ಶಾಕಾಹಾರಿಗಳಿಗೆ ಮೊದಲನೆಯದು ಮೊದಲೇ ಕಡಮೆ. ಹಾಗೆಂದು ಹೃದ್ರೋಗಕ್ಕಾಗಿ ಆಸ್ಪಿರಿನ್ ಸೇವಿಸುವವರು ಅದರ ಜೊತೆಗೆ ಕೊಟ್ಟಿರುವ ಈ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲಾಗದು. ರಾತ್ರಿಯ ಎದೆಯುರಿಗೆ ಮಾತ್ರೆಗಿಂತ ಮೊದಲು ಮಾಡಬೇಕಾದುದು ಮಲಗುವುದಕ್ಕೆ ಮೂರು ಗಂಟೆ ಮುಂಚೆಯೇ ಊಟ ಮುಗಿಸುವುದು, ಹೊಟ್ಟೆಯ ಸುತ್ತಲಿನ ಕೊಬ್ಬನ್ನು ಇಳಿಸುವುದು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅರ್ಧ ಅಡಿಯ ಮರದ ತುಂಡುಗಳನ್ನಿಡುವುದು. ದಿಂಬಿನ ಮೇಲೆ ದಿಂಬನ್ನಿಟ್ಟರೆ ಕೊರಳು ಬಾಗುತ್ತದೆಯೇ ಹೊರತು ಹುಳಿ ಕೆಳಗಿಳಿಯದು.

ಮಕ್ಕಳ ವಿಷಯದಲ್ಲಿ ಅಜ್ಜಿಯರೊಡನೆ ಸ್ವಲ್ಪ ಜಗಳವಾಡಲೇಬೇಕಾಗಿದೆ. ಆರು ತಿಂಗಳು ತುಂಬದ ಕೂಸಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ. ಬಜೆ ತೇಯ್ದ ನೀರೂ ಬೇಡ, ಹರಳೆಣ್ಣೆಯೂ ಬೇಡ. ಬಜೆಯಲ್ಲಿರುವ ಅಸರೋನ್ ಎಂಬ ಪದಾರ್ಥವು ಪ್ರಾಣಿಗಳಲ್ಲಿ ಗೆಡ್ಡೆಯನ್ನುಂಟುಮಾಡಿದ್ದರಿಂದ ಅಮೆರಿಕದವರು ೧೯೬೮ರಲ್ಲಿಯೇ ಅದನ್ನು ಆಹಾರಕ್ಕೆ ಸೇರಿಸಲಾಗದೆಂದು ನಿಷೇಧಿಸಿದರು. ಇನ್ನು ಭೇದಿಯಾಗುವ ಮಗುವಿಗೆ ಲಂಘನ ಮಾಡಿಸುವುದು ಬಹಳ ಅಪಾಯ. ಹೊಟ್ಟೆಗೆ ರಜ ಕೊಡುತ್ತೇವೆಂದು ನೀರನ್ನೂ ತಡೆದು ಎಷ್ಟೋ ಕೂಸುಗಳನ್ನು ಕಳೆದುಕೊಂಡಿದ್ದೇವೆ. ೧೯೭೧ರಲ್ಲಿ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ರಕ್ತನಾಳಕ್ಕೆ ಕೊಡುವ ಲವಣದ್ರವ ಮುಗಿದುಹೋಗಲು, ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಉಪ್ಪು ಸಕ್ಕರೆಗಳ ನೀರನ್ನು ಬಾಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಲಾಗದು, ಕಣ್ಣೀರಿಗಿಂತ ಉಪ್ಪಾದರೆ ಚೆಲ್ಲಿಬಿಡಿ. ಒಂದು ದಿವಸ ಕಳೆದ ಮೇಲೆ ಉಳಿದುದನ್ನೂ ಚೆಲ್ಲಿ ಹೊಸದಾಗಿ ಬೆರೆಸಬೇಕು. ಓ.ಆರ್.ಎಸ್. ಪೊಟ್ಟಣ ಸಿಕ್ಕಿದರೆ ಅದೇ ಮೇಲು. ಆಶಾ ಕಾರ್ಯಕರ್ತೆಯರ ಬಳಿಯಲ್ಲಿ ಅದು ಇರುತ್ತದೆ. ತಾಯಿಯ ಹಾಲನ್ನಾಗಲಿ ಊಟವನ್ನಾಗಲಿ ನಿಲ್ಲಿಸಬೇಡಿರಿ. ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಕುಡಿಯಲಾರದೆ ಮಂಕಾದರೆ ಒಡನೆಯೇ ಆಸ್ಪತ್ರೆ.

ಈಗ ಗಡುವಿನ ಮಾತು. ಉಂಡ ಊಟದಿಂದ ಬಂದ ಅಜೀರ್ಣವು ಒಂದು ರಾತ್ರಿ ಕಳೆಯುವುದರೊಳಗೆ ಇಳಿಮುಖವಾಗಬೇಕು. ಎರಡು ಮೂರು ವಾರಗಳಾದರೂ ಬಿಟ್ಟುಬಿಟ್ಟು ಬರುತ್ತಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ಐವತ್ತೈದು ದಾಟಿದವರಿಗೆ ಹೊಸದಾಗಿ ಅಜೀರ್ಣ ಕಾಣಿಸಿಕೊಂಡರೆ, ಕಾರಣವಿಲ್ಲದೆ ಮೈ ಇಳಿದರೆ, ನುಂಗುವಾಗ ಅನ್ನ ಸಿಕ್ಕಿಕೊಂಡಂತಾದರೆ, ಮೈ ಬಿಳಿಚಿಕೊಂಡರೆ ಎರಡು ವಾರವೂ ಕಾಯಲಾಗದು. ಮಲವು ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ದುರ್ಗಂಧದಿಂದ ಕೂಡಿದ್ದರೆ ಒಳಗೆ ಎಲ್ಲಿಯೋ ರಕ್ತ ಸುರಿಯುತ್ತಿದೆಯೆಂದು ಅರ್ಥ; ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು, ಆದರೆ ಅದನ್ನು ವೈದ್ಯರು ನಿಶ್ಚಯಿಸಲಿ. ಹೊಕ್ಕುಳಿನ ಸುತ್ತ ಮೊದಲಾದ ನೋವು ಕೆಲವು ಗಂಟೆಗಳಲ್ಲಿ ಬಲಗಡೆಯ ಕೆಳಹೊಟ್ಟೆಗೆ ಇಳಿದು ನಿಂತರೆ ಅದು ಅಪೆಂಡಿಕ್ಸಿನದಿರಬಹುದು. ಅಂಥಲ್ಲಿ ಹರಳೆಣ್ಣೆಯ ಭೇದಿ ಕೊಡುವುದು ಆ ಭಾಗವು ಒಡೆಯುವುದಕ್ಕೆ ದಾರಿ ಮಾಡಿಕೊಟ್ಟಂತೆ.

ಎಲ್ಲಕ್ಕಿಂತ ಕಿರಿದಾದ ಗಡುವು ಇನ್ನೊಂದಿದೆ. ಅದನ್ನು ದಿನಗಳಲ್ಲಿ ಅಲ್ಲ, ನಿಮಿಷಗಳಲ್ಲಿ ಎಣಿಸಬೇಕು. ಜಠರದ ಉರಿಗೂ ನಮ್ಮ ಭಾಷೆಯಲ್ಲಿ "ಎದೆಯುರಿ"ಯೆಂದೇ ಹೆಸರು. ಹೆಸರಿನಂತೆ ಶರೀರಕ್ಕೂ ಇವೆರಡರ ಭೇದ ಸ್ಪಷ್ಟವಾಗಿ ತಿಳಿಯುವುದಿಲ್ಲ. ಹೃದಯದ ಕೆಳಭಾಗವು ಜಠರಕ್ಕೆ ಅತಿ ಸಮೀಪದಲ್ಲಿ, ನಡುವೆ ವಪೆಯ ತೆರೆಯೊಂದನ್ನು ಮಾತ್ರ ಹೊಂದಿ ಕುಳಿತಿದೆ; ಎರಡರ ನೋವಿನ ಸುದ್ದಿಯನ್ನು ಒಯ್ಯುವ ನರಗಳೂ ಹತ್ತಿರದ ನಂಟರು. ಆ ಭಾಗಕ್ಕೆ ರಕ್ತವೊಯ್ಯುವ ನಾಳವು ಕಟ್ಟಿಕೊಂಡಾಗ ಮೇಲ್ಹೊಟ್ಟೆಯಲ್ಲಿ ಭಾರ, ಓಕರಿಕೆ, ವಾಂತಿ, ತೇಗು ಇವಿಷ್ಟೇ ಕಾಣಿಸಿಕೊಳ್ಳಬಹುದು. ಆಗ ನಮ್ಮ ಮನೆಗಳಲ್ಲಿ ನಡೆಯುವ ಸಂಭಾಷಣೆ ಎಲ್ಲರಿಗೂ ಗೊತ್ತಿರುವುದೇ. "ಏನೂ ಇಲ್ಲ ಕಣೇ, ರಾತ್ರಿ ತಿಂದ ಬೋಂಡದ ಗ್ಯಾಸು. ಒಂದಿಷ್ಟು ಓಮದ ನೀರು ಕೊಡು, ಸರಿಹೋಗುತ್ತೆ" ಎಂದು ಯಜಮಾನರು. "ಬೆವರು ಹೀಗೆ ಸುರೀತಿದೆಯಲ್ಲಾ, ಆಸ್ಪತ್ರೆಗೆ ಹೋಗೋಣ ಏಳಿ" ಎಂದು ಮನೆಯಾಕೆ. "ಬೆಳಗಾಗಲಿ, ನೋಡೋಣ." ಬೆಳಗಾಗುವುದರೊಳಗೆ ಹೃದಯದ ಮಾಂಸದಲ್ಲಿ ಎಷ್ಟು ಸತ್ತಿರುತ್ತದೆಯೋ ಅದು ಮತ್ತೆ ಹುಟ್ಟುವುದಿಲ್ಲ. ಓಮದ ನೀರು ಕುಡಿದು ತೇಗು ಬಂದು ಸ್ವಲ್ಪ ಹಗುರವೆನಿಸಿದರೂ ಅದು ಹೃದಯದ್ದಲ್ಲವೆಂದು ನಿಶ್ಚಯವಾಗಲಿಲ್ಲ. ಈ ಸುಳ್ಳು ನೆಮ್ಮದಿಯೇ ಮನೆಮದ್ದಿನ ದೊಡ್ಡ ಅಪಾಯ.

ಮನೆಯಾಕೆಗೇ ಹಾಗಾದರೆ? ಅವಳಿಗೆ ಏಳಿ ಎನ್ನುವವರೂ ಇರುವುದಿಲ್ಲ. ಹೆಂಗಸರಲ್ಲಿಯೂ, ಮಧುಮೇಹಿಗಳಲ್ಲಿಯೂ, ವೃದ್ಧರಲ್ಲಿಯೂ ಎದೆಯ ನೋವೇ ಇಲ್ಲದೆ ಬರಿಯ ಸುಸ್ತು, ಓಕರಿಕೆ, ಉಸಿರಿನ ಕಷ್ಟ, ದವಡೆಯಲ್ಲೋ ಬೆನ್ನಿನಲ್ಲೋ ಹಿಡಿತ, ಇಷ್ಟರಿಂದಲೇ ಹೃದಯಾಘಾತವು ಬರುವುದುಂಟು. ಹಬ್ಬದ ಅಡುಗೆಯ ಆಯಾಸವೆಂದು ಒಲೆಯ ಮುಂದೆಯೇ ಕುಳಿತುಕೊಂಡು ಜೀರಿಗೆ ಕುದಿಸಿ ಕುಡಿದು, ಯಾರಿಗೂ ಹೇಳದೆ ಮಲಗುವ ತಾಯಂದಿರು ಎಷ್ಟು ಮಂದಿ! ದಕ್ಷಿಣ ಏಷ್ಯದವರಾದ ನಮಗೆ ಈ ರೋಗವು ಪಾಶ್ಚಾತ್ಯರಿಗಿಂತ ಕೆಲವು ವರ್ಷ ಮೊದಲೇ ಬರುವುದರಿಂದ ನಲವತ್ತು ದಾಟಿರದವರೆಂದು ಅಲಕ್ಷ್ಯ ಮಾಡುವಂತೆಯೂ ಇಲ್ಲ.

ಆದಕಾರಣ ಮೇಲ್ಹೊಟ್ಟೆಯ ಅಥವಾ ಎದೆಯ ಸಂಕಟದೊಡನೆ ತಣ್ಣನೆಯ ಬೆವರು, ಉಸಿರುಕಟ್ಟು, ತಲೆಸುತ್ತು, ತೋಳಿಗೋ ದವಡೆಗೋ ಬೆನ್ನಿಗೋ ಹಬ್ಬುವ ನೋವು ಇವುಗಳಲ್ಲಿ ಒಂದಾದರೂ ಇದ್ದರೆ, ಅಥವಾ ಮೆಟ್ಟಲು ಹತ್ತಿದರೆ ಬಂದು ಕುಳಿತರೆ ಹೋಗುವ "ಗ್ಯಾಸು" ಈಗ ಕುಳಿತರ‍ೂ ಹೋಗದಿದ್ದರೆ, ಕಷಾಯವನ್ನು ಕುದಿಯಿಡಲೇ ಬೇಡಿರಿ. ೧೦೮ಕ್ಕೆ ಫೋನು ಮಾಡಿ ಊರು, ಬೀದಿ, ಗುರುತನ್ನು ಹೇಳಿರಿ. ರೋಗಿಯನ್ನು ನಡೆಸದೆ ಒರಗಿಸಿ ಕುಳ್ಳಿರಿಸಿರಿ. ಸ್ಕೂಟರಿನ ಹಿಂದೆ ಕುಳ್ಳಿರಿಸಿಕೊಂಡು ಹೊರಡುವುದು ಬೇಡ. ರೋಗಿಯೇ ವಾಹನವನ್ನು ನಡೆಸುವುದಂತೂ ಎಷ್ಟು ಮಾತ್ರವೂ ಬೇಡ. ಆಸ್ಪಿರಿನ್ ಮಾತ್ರೆಯನ್ನು ಅಗಿಯಬೇಕೆ ಎಂದು ಫೋನಿನಲ್ಲಿಯೇ ಕೇಳಿ ಅವರು ಹೇಳಿದಂತೆ ಮಾಡಿರಿ. ಹೊಟ್ಟೆಹುಣ್ಣು, ರಕ್ತವಾಂತಿ, ಕಪ್ಪು ಮಲಗಳಿದ್ದುದಾದರೆ ಅದನ್ನು ಮೊದಲೇ ತಿಳಿಸಿರಿ. ಸಮೀಪದ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಯಲು ಹತ್ತು ನಿಮಿಷ ಸಾಕು. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವು ನೋವು ಹುಟ್ಟಿದ ಮೊದಲ ಒಂದೆರಡು ಗಂಟೆಗಳಲ್ಲಿ ಮಾಡುವಷ್ಟು ಉಪಕಾರವನ್ನು ಆಮೇಲೆ ಮಾಡಲಾರದು. ಮೊದಲ ಇ.ಸಿ.ಜಿ.ಯಲ್ಲಿ ಏನೂ ಕಾಣಲಿಲ್ಲವೆಂದು, "ನೋಡಿದಿರಾ, ಗ್ಯಾಸೇ!" ಎಂದು ಎದ್ದು ಹೊರಡಲೂ ಆಗದು, ಮೊದಲ ಗಂಟೆಗಳಲ್ಲಿ ಅದು ಸರಿಯಾಗಿಯೇ ತೋರಬಹುದಾದ್ದರಿಂದ ವೈದ್ಯರು ಕೆಲವು ಗಂಟೆ ಇರಿಸಿಕೊಂಡು ಅದನ್ನು ಮತ್ತೊಮ್ಮೆ ತೆಗೆದು, ಟ್ರೊಪೋನಿನ್ ಎಂಬ ಪದಾರ್ಥಕ್ಕಾಗಿ ರಕ್ತವನ್ನೂ ಪರೀಕ್ಷಿಸುತ್ತಾರೆ. ಅಷ್ಟು ಹೊತ್ತು ಅಲ್ಲಿಯೇ ಇರತಕ್ಕದ್ದು.